ಗ್ಯಾರಂಟಿ ಕೆಡದ ಹಾಗೆ ಕಾರಿನ ಓಟ ಹೆಚ್ಚಿಸಿದ್ದು

ನನ್ನ ಗಂಡನಿಗೆ ಪ್ರಪಂಚದಲ್ಲಿ ಒಬ್ಬರ ಮೇಲೆ ಮಾತ್ರ ಹೊಟ್ಟೆಕಿಚ್ಚು. ಅವರು ನನ್ನ ಅಕ್ಕನ ಗಂಡ. ಬಂಗಾರಪೇಟೆಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ಭಾವನಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಷಡ್ಡಕನನ್ನು ಕಂಡಾಗಲೆಲ್ಲ ಬೆನ್ನು ತಟ್ಟಿ ನಗುತ್ತಿದ್ದರು. ಹಾಗೆ ತಟ್ಟುವುದೇ ನಮ್ಮವರಿಗೆ ಆಗುತ್ತಿರಲಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವಿದ್ದದ್ದು ಕೋಲಾರದ ಚಿನ್ನದ ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಯಲ್ಲಿ. ನಮ್ಮವರು ಗಣಿಯ ಸುರಂಗಗಳಿಗೆ ಆಸರೆ ಕೊಡುವ ಮರದ ದಿಮ್ಮಿ ಒದಗಿಸುವ ಗುತ್ತಿಗೆದಾರರು. ಹೆಸರು ಬರೆಸಿ ವರ್ಷಗಟ್ಟಲೆ ಕಾದ ಮೇಲೆ ಮನೆಗೆ ಹೊಸ ಕಾರು ಬಂತು. ಓಟಕ್ಕೆ ಅದನ್ನು ಮೀರಿಸಿದ್ದು ಇಲ್ಲ ಎಂದು ಮಾರಿದವರು ಹೇಳಿದ್ದರು. ನಮ್ಮವರು ಅದನ್ನು ಎಷ್ಟು ನಂಬಿದ್ದರೆಂದರೆ, ಮೊದಲ ದಿನ ಹತ್ತುವ ಮುಂಚೆ ಗಾಳಿಗೆ ಹಾರಿಹೋಗದಿರಲೆಂದು ಕನ್ನಡಕಕ್ಕೆ ದಾರ ಕಟ್ಟಿಕೊಂಡರು.

ಆ ದಾರ ಬೇಕಾಗಲಿಲ್ಲ. ಕಾರು ನಲವತ್ತು ಮೈಲಿ ಮುಟ್ಟಿದ್ದೇ ಮಂಡಿ ಹಿಡಿದವರ ಹಾಗೆ ನಿಧಾನವಾಗುತ್ತಿತ್ತು. ಪ್ರತಿ ಭಾನುವಾರ ನಾವು ಅಕ್ಕನ ಮನೆಗೆ ಊಟಕ್ಕೆ ಹೋಗುತ್ತಿದ್ದೆವು. ಅದೇ ಹೊತ್ತಿಗೆ ಭಾವ ರಾಬರ್ಟ್‌ಸನ್‌ಪೇಟೆಯ ಸಂತೆ ಮುಗಿಸಿಕೊಂಡು ತಮ್ಮ ಹಳೆಯ ವಿಲಾಯತಿ ಕಾರಿನಲ್ಲಿ ಬಂಗಾರಪೇಟೆಗೆ ಹಿಂತಿರುಗುತ್ತಿದ್ದರು. ದಾರಿಯ ಮಧ್ಯೆ ಹಿಂದಿನಿಂದ ಬಂದು, ಪೊಂಯ್ ಎಂದು ಹಾರ್ನ್ ಒತ್ತಿ, ಕಿಟಕಿಯಿಂದ ಕೈಬೀಸಿ ಮುಂದೆ ಹೋಗುವರು. ಅವರ ಕಾರಿನ ಮೇಲೆ ಎರಡು ಮೂಟೆ ಈರುಳ್ಳಿ ಬೇರೆ ಇರುತ್ತಿತ್ತು.

ಮೂರನೆಯ ಭಾನುವಾರ ಮನೆಗೆ ಬಂದವರೇ ನಮ್ಮವರು, "ಆ ಪುಸ್ತಕ ಎಲ್ಲೈತೆ, ತೆಗಿ. ಇದರ ಓಟ ಎಚ್ಚಿಸಬೇಕು. ಆದ್ರೆ ಗ್ಯಾರಂಟಿ ಓಗಬಾರದು" ಎಂದರು.

ಕಾರಿನ ಜೊತೆ ಬಂದ ಗ್ಯಾರಂಟಿ ಪುಸ್ತಕ ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಹತ್ತನೆಯ ಕ್ಲಾಸು ದಾಟಿದವಳು ನಾನೊಬ್ಬಳೇ. ಹಾಗಾಗಿ ಆ ಕಾರಿಗೆ ವಕೀಲಳೂ ನಾನೇ ಆದೆ. ಅತ್ತೆ ಪೂಜೆಯ ದಿನ ಕಾರಿನ ಜೊತೆ ಪುಸ್ತಕಕ್ಕೂ ಧಾರಾಳವಾಗಿ ಅರಿಸಿನ ಕುಂಕುಮ ಕಲಸಿ ಹಚ್ಚಿದ್ದರಿಂದ ಕೆಲವು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಬಂದಷ್ಟನ್ನು ಓದಿದೆ. ಕಂಪನಿಯದಲ್ಲದ ಭಾಗ ಜೋಡಿಸಿದರೆ ಗ್ಯಾರಂಟಿ ಇಲ್ಲ, ತೂತು ಕೊರೆದರೆ ಇಲ್ಲ, ಇಂಜಿನ್ನಿನ ಮೇಲಿರುವ ಸೀಸದ ಮುದ್ರೆಯನ್ನು ಮುಟ್ಟಿದರಂತೂ ಇಲ್ಲವೇ ಇಲ್ಲ.

ಅತ್ತೆ ಕೇಳಿದರು: "ನಿಂಬೆಅಣ್ಣು ಮೆಣಸಿನಕಾಯಿ ಕಟ್ಟಿದೀನಲ್ಲ, ಅದುಕ್ಕೇನಂತೆ?"

"ಅದರ ಬಗ್ಗೆ ಏನೂ ಬರೆದಿಲ್ಲ ಅತ್ತೆ."

"ಅಂಗಾರೆ ಇರ್ಲಿ. ಆದ್ರೆ ಈ ಗ್ಯಾರಂಟಿ ಅನ್ನೋದು ಕಾರ್ನಾಗೆ ಎಲ್ಲೈತೆ? ಒಂದ್ ದಪ ತೋರ್ಸು, ಅದುಕ್ಕೂ ಒಂದು ಬೊಟ್ಟಿಡ್ತೀನಿ."

ಮೊದಲು ಮಾಡಿದ್ದು ಭಾರ ಇಳಿಸುವ ಕೆಲಸ. ಹೊರಗಿನದು ಜೋಡಿಸಬಾರದು ಎಂದಿತ್ತೇ ಹೊರತು ಒಳಗಿನದು ತೆಗೆಯಬಾರದು ಎಂದಿರಲಿಲ್ಲ. ಹಿಂದಿನ ಸೀಟು ಎತ್ತಿದರೆ ಸಾಕು, ಈಚೆ ಬರುತ್ತಿತ್ತು. ಅದನ್ನು ತಂದು ಜಗಲಿಯ ಮೇಲೆ ಇಟ್ಟೆವು. ಕಾರಿನ ಹಿಂದೆ ಅತ್ತೆಗೆ ಊಟದ ಮಣೆ ಹಾಕಿಕೊಟ್ಟೆವು. ಅತ್ತೆ ಒಂದು ಸಲ ಮಣೆಯ ಮೇಲೆ ಬಂಗಾರಪೇಟೆಗೆ ಹೋಗಿ ಬಂದು, ಇನ್ನು ಮೇಲೆ ಬರುವುದಿಲ್ಲ ಎಂದರು. ಅದರಿಂದ ಇನ್ನಷ್ಟು ಭಾರ ಇಳಿಯಿತು. ಅತ್ತೆ ಜಗಲಿಯ ಸೀಟಿನ ಮೇಲೆ ಕಾಲು ಮಡಿಸಿ ಕೂತು ಎಲೆಯಡಿಕೆ ಹಾಕಿಕೊಂಡು, ಸಾಯಂಕಾಲ ಅಕ್ಕಪಕ್ಕದವರನ್ನು ಕರೆದು ಕೂರಿಸಿಕೊಳ್ಳತೊಡಗಿದರು.

ಆದರೂ ಭಾವ ಆ ಭಾನುವಾರವೂ ಪೊಂಯ್ ಎಂದು ಮುಂದೆ ಹೋದರು.

ಆಮೇಲೆ ನಮ್ಮವರು ಚಾಂಪಿಯನ್ ರೀಫ್ಸ್ ಗಣಿಯಿಂದ ಒಬ್ಬ ಫಿಟ್ಟರನ್ನು ಕರೆತಂದರು. ಗಣಿಯ ವರ್ಕ್‌ಶಾಪಿನಲ್ಲಿ ಪಂಪುಗಳನ್ನು ರಿಪೇರಿ ಮಾಡುತ್ತಿದ್ದ ಆತ, ತಮಿಳು ಬೆರೆಸಿ ಕನ್ನಡ ಆಡುವ ಗಂಭೀರ ಮನುಷ್ಯ. ಕಾರಿನ ಬಾನೆಟ್ ಎತ್ತಿ ನೋಡಿ, "ಇದು ಉಸಿರು ಕಟ್ಟಿ ಓಡ್ತಾ ಇದೆ ಸಾಮಿ. ಮುಂದೆ ಗಾಳಿ ಬೇಕು, ಹಿಂದೆ ಹೊಗೆ ಹೋಗ್ಬೇಕು. ಅವ್ಳೋದಾನ್, ಅಷ್ಟೇ" ಎಂದ. ಸೀಸದ ಮುದ್ರೆಯ ಹತ್ತಿರ ಕೈ ಒಯ್ದಾಗ ನಾನೂ ನಮ್ಮವರೂ ಒಟ್ಟಿಗೆ ಬೇಡ ಎಂದೆವು. ಆತ ಕೈ ಹಿಂದಕ್ಕೆ ತೆಗೆದುಕೊಂಡು ಅದಕ್ಕೊಂದು ನಮಸ್ಕಾರ ಮಾಡಿದ.

ಒಂದು ವಾರದಲ್ಲಿ ಗಾಳಿ ಎಳೆಯುವ ಕಡೆಗೆ ಹಿತ್ತಾಳೆಯ ದೊಡ್ಡ ಕೊಳವೆ ಬಂತು. ನೋಡಲು ವಾಲಗದವರ ನಾಗಸ್ವರದ ಬಾಯಿಯಂತಿತ್ತು. ತೂತಿಲ್ಲ, ಆಣಿಯಿಲ್ಲ, ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಕಟ್ಟಿದ್ದಷ್ಟೇ. ಹಿಂದೆ ಸೈಲೆನ್ಸರ್ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿಟ್ಟು, ಅದರ ಜಾಗಕ್ಕೆ ಒಂದು ನೇರ ಪೈಪು ಹಾಕಿದ. "ಕಂಪ್ನಿಕಾರ ಬಂದ್ರೆ ಅರ್ಧ ಗಂಟೇಲಿ ಎಲ್ಲಾ ಮೊದಲಿನ ಥರ. ತೆರಿಯಾದು" ಎಂದು ಭರವಸೆ ಕೊಟ್ಟ. ಅವರಿಗೆ ಗೊತ್ತಾಗುವುದಿಲ್ಲ ಎಂದು.

ಕಾರು ಚಾಲೂ ಮಾಡಿದೆವು. ಅಡುಗೆಮನೆಯ ಶೆಲ್ಫಿನಿಂದ ಎರಡು ಲೋಟ ಬಿದ್ದವು. ಪಕ್ಕದ ಮನೆಯಾಕೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಈಚೆ ಬಂದು, "ಏರ್‌ಬ್ಲಾಸ್ಟಾ?" ಎಂದು ಕೇಳಿದಳು. ಗಣಿಯ ಒಳಗೆ ಬಂಡೆ ಸಿಡಿದು ಊರು ಅದುರಿದಾಗ ಎಲ್ಲರೂ ಕೇಳುತ್ತಿದ್ದ ಮಾತು ಅದು.

"ಅಲ್ಲ ಕಣಮ್ಮಾ, ನಮ್ ಕಾರು" ಎಂದರು ಅತ್ತೆ, ಸೀಟಿನ ಮೇಲಿಂದ ಏಳದೆ.

ಇಷ್ಟೆಲ್ಲ ಸದ್ದು ಮಾಡಿಕೊಂಡು ಕಾರು ನಲವತ್ತೊಂದು ಮೈಲಿ ಮುಟ್ಟಿತು. ಭಾವ ಮುಂದೆ ಹೋಗುವಾಗ ಈ ಸಲ ಹಾರ್ನ್ ಒತ್ತಲಿಲ್ಲ. ಒತ್ತಿದ್ದರೂ ನಮಗೆ ಕೇಳುತ್ತಿರಲಿಲ್ಲ.

ಇದರ ನಡುವೆ ಕಂಪನಿಯ ಮೆಕ್ಯಾನಿಕ್ಕಿನಿಂದ ಎರಡು ಕಾಗದ ಬಂದಿದ್ದವು. ಬೆಂಗಳೂರಿನಿಂದ ತಿಂಗಳಿಗೊಮ್ಮೆ ಬಂಗಾರಪೇಟೆಗೆ ಬರುತ್ತೇನೆ, ಮೊದಲ ಸರ್ವೀಸಿಗೆ ಕಾರು ತನ್ನಿ ಎಂದು. ನಮ್ಮ ಕೊಳವೆ ಆತನ ಕಣ್ಣಿಗೆ ಬಿದ್ದರೆ ಗ್ಯಾರಂಟಿ ಹೋಗುತ್ತದಲ್ಲ, ಅದಕ್ಕೇ ನಾವು ಹೋಗಲಿಲ್ಲ. ಒಂದು ಸಲ ಮದುವೆ ಎಂದೆವು, ಇನ್ನೊಂದು ಸಲ ಸೂತಕ ಎಂದೆವು.

ಒಂದು ದಿನ ಮಧ್ಯಾಹ್ನ ಆತನೇ ಬಸ್ಸಿಳಿದು ಮನೆ ಹುಡುಕಿಕೊಂಡು ಬಂದ. ಕೈಯಲ್ಲಿ ಪೆಟ್ಟಿಗೆ, ಇಸ್ತ್ರಿ ಮಾಡಿದ ಖಾಕಿ ಅಂಗಿ. "ನೀವು ಬರಲಿಲ್ಲ, ಅದಕ್ಕೆ ನಾನೇ ಬಂದೆ ತಾಯಿ. ಕಾರೆಲ್ಲಿ?" ಎಂದ.

ಕಾರು ಹಿತ್ತಲಲ್ಲಿತ್ತು. ಪುಣ್ಯಕ್ಕೆ ಫಿಟ್ಟರೂ ರಜೆಯ ಮೇಲೆ ಅಲ್ಲೇ ಇದ್ದ. ನಮ್ಮವರು ಬಾಯಿ ತೆರೆದು ನಿಂತಿದ್ದರು. ನಾನು, "ಬಿಸಿಲಲ್ಲಿ ಬಂದಿದ್ದೀರಿ, ಮೊದಲು ಊಟ" ಎಂದೆ. ಆತ ಬೇಡ ಎನ್ನುವಷ್ಟರಲ್ಲಿ ಅತ್ತೆ, "ಕುಂತ್ಕಳಪ್ಪ" ಎಂದು ಪಕ್ಕದಲ್ಲಿ ಜಾಗ ಬಿಟ್ಟರು. ಆತ ಕೂತ. ಕೂತದ್ದು ಕಾರಿನ ಸೀಟಿನ ಮೇಲೆ.

ನಮ್ಮವರು ಹಿತ್ತಲಿಗೆ ಓಡಿದರು. ನಾನು ಮುದ್ದೆ, ಹುರುಳಿಕಾಳಿನ ಸಾರು ತಂದೆ. ಹಿಂದಿನಿಂದ ಸ್ಪ್ಯಾನರಿನ ಸದ್ದು ಬಂದಾಗಲೆಲ್ಲ ಅತ್ತೆ ಜೋರಾಗಿ ಕೆಮ್ಮಿದರು.

ಆತ ಸೀಟಿನ ಮೇಲೆ ಕೈಯಾಡಿಸಿ, "ಸೋಫಾ ಚೆನ್ನಾಗಿದೆ ಅಜ್ಜಿ. ನಮ್ಮ ಕಂಪನಿ ಸೀಟಿನ ಥರಾನೇ ಇದೆ" ಎಂದ.

"ನನ್ ಮಗ ತಂದಿದ್ದು. ಎಲ್ಲಿಂದಾನೋ ತಂದ. ಇನ್ನೊಂದು ಮುದ್ದೆ ಆಕ್ಕಳಪ್ಪ, ತೆಳ್ಳಗಿದೀಯ."

ಎರಡನೆಯ ಮುದ್ದೆಯ ಹೊತ್ತಿಗೆ ಸೈಲೆನ್ಸರ್ ಸೇರಿತೆಂದು ನಮ್ಮವರು ಬಾಗಿಲ ಮರೆಯಿಂದ ಸನ್ನೆ ಮಾಡಿದರು. ಆಮೇಲೆ ಸೀಟಿನ ಕಡೆಗೆ ಬೆರಳು ತೋರಿಸಿದರು. ಅದರ ಮೇಲೆ ಆತ ಇನ್ನೂ ಕೂತಿದ್ದ. ಕೈ ತೊಳೆಯಲು ಆತನನ್ನು ಬಾವಿಯ ಹತ್ತಿರ ನಾನೇ ಕರೆದುಕೊಂಡು ಹೋದೆ. ಒಂದು ಬಿಂದಿಗೆ ನೀರನ್ನು ಇಷ್ಟಿಷ್ಟೇ ಸುರಿಯುತ್ತ ಎಷ್ಟು ಹೊತ್ತು ನಿಂತೆನೋ, ಆತನ ಕೈ ಅಷ್ಟು ಶುಭ್ರವಾಗಿ ಹಿಂದೆಂದೂ ಆಗಿರಲಾರದು.

ಹಿಂತಿರುಗಿದಾಗ ಜಗಲಿ ಖಾಲಿ. ಅತ್ತೆ ನೆಲದ ಮೇಲೆ ಕೂತಿದ್ದರು.

"ಸೋಫಾ?" ಎಂದ ಆತ.

"ಒಳಕ್ಕಿಟ್ವಪ್ಪ. ಬಿಸ್ಲು."

ಹಿತ್ತಲಲ್ಲಿ ಕಾರು ಮದುಮಗಳ ಹಾಗೆ ನಿಂತಿತ್ತು. ಆತ ಹಿಂದಿನ ಬಾಗಿಲು ತೆಗೆದು ಸೀಟು ನೋಡಿದ. ಮೇಲೆ ತಾನೇ ಚೆಲ್ಲಿದ ಹುರುಳಿಸಾರಿನ ಕಲೆ ಇನ್ನೂ ಹಸಿಯಾಗಿತ್ತು. ಆತ ಅದನ್ನು ನೋಡಿದ, ನನ್ನನ್ನು ನೋಡಿದ, ಬಾಗಿಲು ಹಾಕಿದ. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಕೋಲಾರದ ಚಿನ್ನದ ಗಣಿಯಲ್ಲಿ ಅದಕ್ಕೆ ಹೆಚ್ಚು ದೂರವೇನೂ ಹೋಗಬೇಕಿರಲಿಲ್ಲ.

ಆಮೇಲೆ ಬಾನೆಟ್ ಎತ್ತಿ ಸೀಸದ ಮುದ್ರೆಯನ್ನು ಬೆರಳಿನಿಂದ ತಟ್ಟಿ ನೋಡಿದ. ಕೊನೆಗೆ ಕೇಳಿದ: "ಎಷ್ಟು ಮೈಲಿ ಓಡಿದೆ?"

"ಎರಡು ಸಾವಿರದ ಮೇಲೆ" ಎಂದರು ನಮ್ಮವರು.

"ಸೀಲು ಹಾಗೇ ಇದೆಯಲ್ಲ."

"ನಾವು ಮುಟ್ಟೇ ಇಲ್ಲ" ಎಂದೆ ನಾನು ಹೆಮ್ಮೆಯಿಂದ.

"ಅದೇ ತಾಯಿ ತೊಂದರೆ. ಹೊಸ ಇಂಜಿನ್ ಜೋರಾಗಿ ಓಡಬಾರದು ಅಂತ ನಾವೇ ತಡೆ ಹಾಕಿರ್ತೀವಿ. ಸಾವಿರ ಮೈಲಿಗೆ ಮೊದಲ ಸರ್ವೀಸಲ್ಲಿ ನಾನು ಸೀಲು ಕತ್ತರಿಸಿ ಅದನ್ನ ತೆಗೀಬೇಕು. ಪುಸ್ತಕದಲ್ಲಿ ಬರೆದಿದೆ."

ಪುಸ್ತಕ ತರಿಸಿ ಬಿಸಿನೀರಿನ ಹಬೆ ಹಿಡಿದು ಅಂಟಿದ ಹಾಳೆ ಬಿಡಿಸಿ ನೋಡಿದೆ. ಬರೆದಿತ್ತು. ನಮ್ಮವರು ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಅತ್ತೆ, "ಕುಂಕುಮ ಒಳ್ಳೇದೇ ಇತ್ತು" ಎಂದರು.

ಆತ ಇಕ್ಕಳದಿಂದ ಸೀಸದ ಮುದ್ರೆಯನ್ನು ಕಟಕ್ಕನೆ ಕತ್ತರಿಸಿ, ಒಂದು ತಿರುಪು ಬಿಚ್ಚಿದ. ಅಷ್ಟೇ ಕೆಲಸ. ತಡವಾದ ಸರ್ವೀಸಿಗೆ ಗ್ಯಾರಂಟಿ ರದ್ದು ಮಾಡುವ ಹಕ್ಕು ತನಗಿದೆ ಎಂದೂ ಹೇಳಿದ. ಆಮೇಲೆ ಪುಸ್ತಕಕ್ಕೆ ಮೊಹರು ಒತ್ತಿ, "ಸಾರು ಚೆನ್ನಾಗಿತ್ತು. ಆ ಸೋಫಾ ಮಾತ್ರ ಹೊರಗಿಡಬೇಡಿ" ಎಂದು ಬಸ್ಸಿಗೆ ಹೊರಟ. ಫಿಟ್ಟರು ಆತನ ಪೆಟ್ಟಿಗೆ ಹೊತ್ತುಕೊಂಡು ಬಸ್ ನಿಲ್ದಾಣದವರೆಗೂ ಹೋಗಿ ಬಂದ. ಅವರಿಬ್ಬರೂ ದಾರಿಯುದ್ದಕ್ಕೂ ಪಂಪುಗಳ ಬಗ್ಗೆ ಮಾತಾಡಿದರಂತೆ.

ಮುಂದಿನ ಭಾನುವಾರ ಕಾರು ಅರವತ್ತು ಮುಟ್ಟಿತು. ನಮ್ಮವರು ಭಾವನ ಕಾರನ್ನು ಹಿಂದೆ ಹಾಕಿ, ಇಷ್ಟು ದಿನದ್ದೆಲ್ಲ ಸೇರಿಸಿ ಹಾರ್ನ್ ಒತ್ತಿದರು. ಅಕ್ಕನ ಮನೆಯ ಮುಂದೆ ಇಳಿದು, ಬಾಗಿಲಿಗೆ ಒರಗಿ, ಕೈಕಟ್ಟಿ ಕಾಯುತ್ತ ನಿಂತರು. ಭಾವ ನಿಧಾನವಾಗಿ ಬಂದು ಇಳಿದು, ಎಂದಿನಂತೆ ಬೆನ್ನು ತಟ್ಟಿದರು.

"ಏನ್ಲಾ ತಮ್ಮಾ, ಅಂಗ್ ಓಡಿಸ್ಕಂಡ್ ಬಂದೆ? ಒಟ್ಟೆ ಅಸ್ದಿತ್ತಾ?"

ಅವತ್ತು ನಮ್ಮವರು ಸರಿಯಾಗಿ ಊಟ ಮಾಡಲಿಲ್ಲ. ಕೆಲವು ದಿನಗಳಲ್ಲಿ ಓಟದ ಹುಚ್ಚು ಇಳಿಯಿತು, ಕೋಳಿ ಸಾಕುವ ಹುಚ್ಚು ಹತ್ತಿತು. ಕಾರು ಸುಮ್ಮನೆ ನಿಂತಿರುತ್ತಿತ್ತು. ಪುಸ್ತಕ ಪೂರ್ತಿ ಓದಿದ್ದವಳು ನಾನಲ್ಲವೇ? ಓಡಿಸುವುದನ್ನು ನನಗೆ ಕಲಿಸಿಕೊಡಿ ಎಂದೆ. ನಮ್ಮವರು ಕೋಳಿಗೂಡಿನ ಒಳಗಿನಿಂದಲೇ ಆಗಲಿ ಎಂದರು.

ಮೊದಲ ಸಲ ನಮ್ಮವರಿಲ್ಲದೆ ನಾನೇ ಪಕ್ಕದ ಆಂಡರ್ಸನ್‌ಪೇಟೆಗೆ ಓಡಿಸಿದ ದಿನ ಅತ್ತೆ ಹಿಂದಿನ ಸೀಟಿನಲ್ಲಿ ಕಾಲು ಮಡಿಸಿ ಕೂತು ಬಂದರು. ಬಾಳೆಹಣ್ಣಿನ ಅಂಗಡಿಯ ಮುಂದೆ ಚೆನ್ನಾಗಿಯೇ ನಿಲ್ಲಿಸಿದೆ. ಆದರೆ ಹಿಂದಕ್ಕೆ ತೆಗೆಯುವ ಗೇರು ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊನೆಗೆ ಅಂಗಡಿಯವನೂ ಇನ್ನೂ ಮೂವರೂ ಸೇರಿ ಕಾರನ್ನು ಹಿಂದಕ್ಕೆ ತಳ್ಳಿ ತಿರುಗಿಸಿಕೊಟ್ಟರು. ಅತ್ತೆ ಇಳಿಯಲಿಲ್ಲ. ಕಿಟಕಿಯಿಂದ ಕೈ ಚಾಚಿ, ಅಲ್ಲೇ ಕೊಂಡ ಚಿಪ್ಪಿನಿಂದ ಒಬ್ಬೊಬ್ಬರಿಗೂ ಒಂದೊಂದು ಬಾಳೆಹಣ್ಣು ಕೊಟ್ಟರು, ಅಂಗಡಿಯವನಿಗೂ.