ನೂರರ ಪಕ್ಕದ ಮೂರು

ಪೆನ್ಸಿಲ್ ರಬ್ಬರಿನ ವಾಸನೆ ಬಂದರೆ ನಿಮಗೆ ಶಾಲೆ ನೆನಪಾಗಬಹುದು. ನನಗೆ ನೆನಪಾಗುವುದು ನಮ್ಮ ಮಾವನವರು ಕಂಪ್ಯೂಟರಿನ ಹೊಟ್ಟೆ ಬಿಚ್ಚಿಕೊಂಡು ಕೂತದ್ದು. ಮೊನ್ನೆ ಅಂಗಡಿಗೆ ಸಾಮಾನು ಕೊಳ್ಳಲು ಹೋದವಳು ಹೊಸ ರಬ್ಬರೊಂದನ್ನು ಮೂಗಿಗೆ ಹಿಡಿದು ಅಲ್ಲೇ ನಕ್ಕುಬಿಟ್ಟೆ. ಅಂಗಡಿಯವ ವಾಸನೆ ಅಷ್ಟು ಹಿಡಿಸಿತೆಂದು ತಿಳಿದು ಇಡೀ ಡಬ್ಬಿ ಮುಂದಿಟ್ಟ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಆಳಂದದ ಬಜಾರಿನಲ್ಲಿ, ಹಿಟ್ಟಿನ ಗಿರಣಿಗೆ ಅಂಟಿದ ಖೋಲಿಯಲ್ಲಿ ನಾನು ಡಿಟಿಪಿ ಅಂಗಡಿ ಇಟ್ಟಿದ್ದೆ. ಮದುವೆ ಕಾರ್ಡು, ಕರಪತ್ರ, ರಸೀದಿ ಪುಸ್ತಕ, ಹೀಗೆ ಬಂದದ್ದೆಲ್ಲ ಮಾಡುತ್ತಿದ್ದೆ. ಅಕ್ಷರ ಕೂಡಿಸುವುದು ನನ್ನ ಕೆಲಸ, ತಪ್ಪು ಹುಡುಕುವುದು ಮಾವನವರದು. ಎರಡನೆಯ ಕೆಲಸಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳದೆ ವಿಧಿಯಿಲ್ಲ.

ನಮ್ಮದು ಲಿಂಗಪೂಜೆಯ ಮನೆ. ಆದರೆ ಮಾವನವರು ಓದಿದ್ದು ನಿಜಾಮನ ಕಾಲದ ಉರ್ದು ಶಾಲೆಯಲ್ಲಿ. ನಮ್ಮ ಕಡೆ ಆ ವಯಸ್ಸಿನ ಹಿರಿಯರು ಬಹಳ ಮಂದಿ ಹಾಗೆಯೇ: ಹಣೆಗೆ ವಿಭೂತಿ, ಬಾಯಲ್ಲಿ ವಚನ, ಕೈಬರಹ ಮಾತ್ರ ಬಲದಿಂದ ಎಡಕ್ಕೆ. ಕಚೇರಿಯಿಂದ ನಿವೃತ್ತರಾದ ಮೇಲೆ ಅವರ ಉರ್ದುವಿಗೆ ಕೆಲಸವೇ ಇರಲಿಲ್ಲ. ನಾನು ಉರ್ದು ಅಕ್ಷರದ ಸಾಫ್ಟ್‌ವೇರ್ ಹಾಕಿಸಿದ ದಿನ ಅವರು ಹೊಸ ಧೋತರ ಉಟ್ಟು ಅಂಗಡಿಗೆ ಬಂದರು. ಅವರು ಒಂದೊಂದೇ ಅಕ್ಷರ ಹೇಳಬೇಕು, ನಾನು ಅದರ ಕೀಲಿ ಹುಡುಕಿ ಒತ್ತಬೇಕು. ಅರ್ಥ ಗೊತ್ತಿಲ್ಲದೆ ನಾನು ಎಷ್ಟು ಮದುವೆಗಳಿಗೆ ಜನರನ್ನು ಕರೆದೆನೋ!

ತೊಂದರೆ ಏನೆಂದರೆ, ಕನ್ನಡ ಮತ್ತು ಉರ್ದು ಎರಡನ್ನೂ ಒಟ್ಟಿಗೆ ತೆರೆದರೆ ಕಂಪ್ಯೂಟರಿಗೆ ಜಾಗ ಸಾಲುತ್ತಿರಲಿಲ್ಲ. ಗುಲಬರ್ಗಾಕ್ಕೆ ಒಯ್ದು ಹೊಸ ಮೆಮೊರಿ ಹಾಕಿಸಿದೆ. ಹಳೆಯದು ಅರವತ್ತಾರರ ವೇಗದ್ದು, ಹೊಸದು ನೂರರದು. ಅಂಗಡಿಯವರು ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ, ವೇಗವನ್ನು ನೂರಕ್ಕೆ ಏರಿಸಿ ಕಳಿಸಿದರು. ಆಳಂದಕ್ಕೆ ಬಂದ ಯಂತ್ರ ಸ್ವಲ್ಪ ಹೊತ್ತು ಕುದುರೆಯಂತೆ ಓಡಿತು. ಆಮೇಲೆ ಒಂದು ಕಾರ್ಡಿನ ವಧುವಿನ ಹೆಸರಿನ ಮೇಲೆ ಮೌಸಿನ ಬಾಣ ನಿಂತಿತು. ನಿಂತದ್ದು ನಿಂತೇ ಬಿಟ್ಟಿತು. ಆರಿಸಿ ಹಚ್ಚಿದರೆ ಮತ್ತೆ ಅದೇ ಗತಿ. ವೇಗ ಅರವತ್ತಾರಕ್ಕೆ ಇಳಿಸಿದರೆ ನಿಲ್ಲುತ್ತಿರಲಿಲ್ಲ, ಆದರೆ ಉರ್ದು ಪುಟವೊಂದು ತೆರೆಯುವುದರೊಳಗೆ ಗಿರಾಕಿಗಳು ಚಹಾ ಕುಡಿದು, ಎಲೆ ಹಾಕಿಕೊಂಡು, ಎದ್ದೇ ಹೋಗುತ್ತಿದ್ದರು.

ನಮ್ಮ ಯಜಮಾನರು ಕಡಗಂಚಿಯಲ್ಲಿ ಗಣಿತದ ಮಾಸ್ತರರು. ಒಂದು ದಿನ ಊಟಕ್ಕೆ ಕೂತಾಗ ಹೇಳಿದರು: "ಆ ಡಬ್ಬಿ ಮಾರಿಬಿಡು. ಬಿಎಡ್ ಮಾಡು, ಯಾವುದಾದ್ರೂ ಸಾಲ್ಯಾಗ ನೌಕರಿ ಹತ್ತತದ. ಎಷ್ಟು ದಿನ ಇದರ ಬೆನ್ನ ಹತ್ತತಿ?"

ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ಅರವತ್ತಾರಕ್ಕೆ ಒಗ್ಗಿಕೊಳ್ಳಲು ನಾನೂ ತಯಾರಿದ್ದೆ. ಸಂಸಾರಸ್ಥರಿಗೆ ಅಂಥ ಹೊಂದಾಣಿಕೆ ಹೊಸದಲ್ಲವಲ್ಲ. ರೊಟ್ಟಿ ಮುರಿಯುತ್ತಿದ್ದ ಮಾವನವರು ಕೈ ನಿಲ್ಲಿಸಿದರು.

"ನೂರು ಅಂತ ಬರದು ಕೊಟ್ಟಾರಿಲ್ಲೋ? ಹಂಗಾರ ನೂರರಾಗ ಓಡಬೇಕು. ಬರದ ಮಾತಿಗಿ ಕಿಮ್ಮತ್ತಿಲ್ಲೇನು?"

ಅಂಗಡಿ ಮುಚ್ಚಿದರೆ ನಾನು ಇನ್ನೇನಾದರೂ ಮಾಡಿಕೊಳ್ಳುತ್ತಿದ್ದೆ. ಮಾವನವರ ಉರ್ದು ಮಾತ್ರ ಮತ್ತೆ ಮೂಲೆ ಸೇರುತ್ತಿತ್ತು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅದೇ ವಾರ ಉಸ್ಮಾನ್ ಸಾಬರು ಬಂದರು. ಖಜೂರಿ ಊರಿನ ದಾರಿಯಾಗಿ ಸೋಲಾಪುರಕ್ಕೆ ಲಾರಿ ಓಡಿಸುವವರು. ಮಗಳನ್ನು ಜೇವರ್ಗಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಕಾರ್ಡಿನ ಒಂದು ಕಡೆ ಕನ್ನಡ, ಇನ್ನೊಂದು ಕಡೆ ಉರ್ದು ಬೇಕು. "ಶುಕ್ರವಾರ ಜುಮ್ಮಾಕ್ಕ ಕೈಯಾಗ ಇರಬೇಕ್ರಿ ಅಕ್ಕಾರ. ಆಗೂದಿಲ್ಲಂದ್ರ ಈಗೇ ಹೇಳ್ರಿ, ಗುಲಬರ್ಗಾದಾಗ ಮಾಡಸ್ತೇನಿ."

ನಾನು ಬಾಯಿ ತೆರೆಯುವ ಮೊದಲೇ ಮಾವನವರು "ಆಗ್ತದ" ಎಂದುಬಿಟ್ಟರು.

ಮಾವನವರ ಮೊದಲ ಗುಮಾನಿ ಗಿರಣಿಯ ಮೇಲೆ. ಅದು ಶುರುವಾದರೆ ಲೈಟು ಮಂಕಾಗುತ್ತಿತ್ತಲ್ಲ! ಹೋಗಿ ಸ್ವಲ್ಪ ನಿಲ್ಲಿಸಲು ಕೇಳಿದರು. ಜೋಳದ ಬುಟ್ಟಿ ಹೊತ್ತು ನಿಂತಿದ್ದ ಹೆಂಗಸರು "ನಿಮ್ಮ ಪೆಟ್ಟಿಗಿ ಸಲುವಾಗಿ ನಮ್ಮ ಮಕ್ಕಳು ಉಪಾಸ ಇರಬೇಕೇನ್ರಿ ಮುತ್ಯಾ?" ಎಂದು ಅವರನ್ನು ತಿರುಗಿಸಿ ಕಳಿಸಿದರು. ಅಷ್ಟರಲ್ಲಿ ಕರೆಂಟೇ ಕೊಂಚ ಕೈಕೊಟ್ಟು ಗಿರಣಿ ನಿಂತಿತು. ಕರೆಂಟು ಬಂದ ಮೇಲೆ, ಗಿರಣಿ ಶುರುವಾಗುವ ಮೊದಲೇ, ನಮ್ಮ ಯಂತ್ರ ಮತ್ತೆ ನಿಂತಿತು; ಗಿರಣಿಯ ತಪ್ಪಲ್ಲ ಎಂದಾಯಿತು. ಎರಡನೆಯ ಗುಮಾನಿ ಬಿಸಿಲಿನ ಮೇಲೆ. ಕಂಪ್ಯೂಟರಿನ ಮಗ್ಗುಲು ಬಿಚ್ಚಿ ಟೇಬಲ್ ಫ್ಯಾನ್ ಇಟ್ಟೆವು. ಪ್ರೂಫ್ ಹಾಳೆಗಳು ಬಜಾರಿಗೆ ಹಾರಿದವು, ಬಾಣ ಮಾತ್ರ ಮಿಸುಕಲಿಲ್ಲ. ಮೂರನೆಯದು ಕೊಳೆಯ ಮೇಲೆ. ಮೆಮೊರಿಯನ್ನು ಹೊರತೆಗೆದು, ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕತೊಡಗಿದರು, ಮಗುವಿಗೆ ಹಲ್ಲುಜ್ಜುವವರ ಹಾಗೆ.

ತಿಕ್ಕಿದ ಮೇಲೆ ಅಭ್ಯಾಸಬಲದಿಂದ ಭೂತಗನ್ನಡಿ ಹಿಡಿದು ಅದರ ಮೇಲಿನ ಚೀಟಿ ಓದಿದರು. "ಒಂದು, ಸೊನ್ನಿ, ಸೊನ್ನಿ. ಆಮ್ಯಾಲ ಒಂದು ಗೀಟು. ಮೂರು, ಎರಡು, ಎರಡು. ಇದೇನಬೇ ಯವ್ವಾ?"

"ಯಾವುದೋ ಕಂಪನಿ ನಂಬರ್ ಇರಬೇಕ್ರಿ ಮಾವಾರ."

"ಬರದಾವ ಸುಮ್ಮ ಬರೀತಾನೇನು?"

ಆಗ ನನಗೆ ಹೊಳೆಯಿತು. ಕಂಪ್ಯೂಟರ್ ಹಚ್ಚುವಾಗ ಒಂದು ಕೀಲಿ ಒತ್ತಿದರೆ ನೀಲಿ ಪರದೆ ಬರುತ್ತದೆ. ವೇಗ ಬದಲಿಸುವುದು ಅಲ್ಲೇ. ವೇಗದ ಕೆಳಗೆ ಮೂರು ಸಣ್ಣ ಅಂಕಿಗಳಿದ್ದವು, ನಾನು ಎಂದೂ ಮುಟ್ಟಿರಲಿಲ್ಲ. ಮೆಮೊರಿ ಕೂರಿಸಿ, ನೀಲಿ ಪರದೆ ತೆರೆದು ಓದಿದೆ: ಎರಡು, ಎರಡು, ಎರಡು.

"ಅಚ್ಚಿನ ತಪ್ಪು!" ಮಾವನವರು ತೊಡೆ ತಟ್ಟಿಕೊಂಡರು.

ನಿಜಕ್ಕೂ ಅಷ್ಟೇ. ಕೇಳಿದ್ದಕ್ಕೆ ಉತ್ತರ ಕೊಡಲು ಮೆಮೊರಿಗೆ ಯಂತ್ರದ ಗಡಿಯಾರದ ಎಷ್ಟು ಬಡಿತದ ಬಿಡುವು ಬೇಕು ಎನ್ನುವುದು ಆ ಮೊದಲ ಅಂಕಿ. ಹಳೆಯ ನಿಧಾನದ ಓಟಕ್ಕೆ ಎರಡು ಸಾಕಾಗಿತ್ತು. ಓಟ ನೂರಕ್ಕೇರಿದರೂ ಬಿಡುವು ಎರಡೇ ಉಳಿದಿತ್ತು, ಯಾರೂ ಗಮನಿಸಿರಲಿಲ್ಲ. ಚೀಟಿಯಲ್ಲಿ ನೂರರ ಪಕ್ಕದಲ್ಲೇ ಮೂರು ಎಂದು ಬರೆದಿದ್ದರು; ನಾವು ನೂರನ್ನಷ್ಟೇ ಓದಿದ್ದೆವು. ಎರಡನ್ನು ಮೂರು ಮಾಡಿ ಹಚ್ಚಿದೆ.

ನಂಬಿಕೆ ಬರಬೇಕಲ್ಲ. ಎರಡೂ ಭಾಷೆಯ ಪುಟ ತೆರೆದಿಟ್ಟು, ಫ್ಯಾನ್ ಆರಿಸಿ, ಗಿರಣಿಯ ಗದ್ದಲದ ನಡುವೆ ದಿನವಿಡೀ ಕೆಲಸ ಮಾಡುತ್ತ ಕಾದೆವು. ಮಾವನವರು ಬಾಣದ ಮೇಲಿನ ಕಣ್ಣು ತೆಗೆಯಲಿಲ್ಲ. ನಡುನಡುವೆ ಬೇಸರ ಕಳೆಯಲು ನನಗೆ ಅಲಿಫ್, ಬೇ, ಪೇ ಎಂದು ಉರ್ದು ಅಕ್ಷರ ತಿದ್ದಿಸಿದರು. ದೀಪ ಹಚ್ಚುವ ಹೊತ್ತಿಗೆ ಕಾರ್ಡು ಮುಗಿದಿತ್ತು. ನನಗೆ ವಧುವಿನ ಹೆಸರು ಓದಲು ಬರುತ್ತಿತ್ತು. ಬಾಣ ಇನ್ನೂ ಓಡಾಡುತ್ತಲೇ ಇತ್ತು.

ಶುಕ್ರವಾರ ಉಸ್ಮಾನ್ ಸಾಬರು ಕಾರ್ಡನ್ನು ತಿರುವಿ ತಿರುವಿ ನೋಡಿ, "ಎರಡೂ ಕಡೆ ಮಗಳು ಚೆಂದ ಕಾಣಾಕತ್ಯಾಳ್ರಿ" ಎಂದರು. ಮುಂದಿನ ವಾರ ಯಜಮಾನರೇ ಒಂದು ಬೋರ್ಡು ಬರೆಸಿ ತಂದರು: ಇಲ್ಲಿ ಉರ್ದು ಕೆಲಸವೂ ಆಗುತ್ತದೆ. ಬಿಎಡ್ಡಿನ ಮಾತು ಮತ್ತೆ ಬರಲಿಲ್ಲ.

ಮಾವನವರು ತೀರಿಕೊಂಡು ಬಹಳ ವರ್ಷವಾಯಿತು. ಅವರು ಕಲಿಸಿದ ಉರ್ದುವಿನ ಬಲದಿಂದ ಈಗ ಅಫಜಲಪುರದಿಂದಲೂ ಉರ್ದು ಪ್ರೂಫ್ ತಿದ್ದಲು ನನ್ನ ಕಡೆ ಬರುತ್ತದೆ. ಇಷ್ಟನ್ನು ಬರೆದು, ನಿವೃತ್ತರಾಗಿ ಮನೆಯಲ್ಲೇ ಇರುವ ಯಜಮಾನರಿಗೆ ಓದಿ ಹೇಳಿದೆ. ನಗುತ್ತ ಕೇಳುತ್ತಿದ್ದವರು ಕೊನೆಗೆ ನನ್ನ ಕಡೆ ತಿರುಗಿದರು.

"ಸಣ್ಣವ ಇದ್ದಾಗ ನಾ ಏನರ ತಪ್ಪು ಮಾಡಿದ್ರ ಅಪ್ಪ ಒಂದು ಉರ್ದು ಮಾತು ಅಂತಿದ್ದ. ಬರ್ಖುರ್ದಾರ್ ಅಂತ. ಭಾಳ ಕೆಟ್ಟ ಬೈಗಳೇನು ಅದು?"

"ಬೈಗಳಲ್ಲರಿ. ಮಗನೇ, ಬಾಳಿ ಬದುಕು ಅಂತ ಅರ್ಥ."

ಅವರು ಕನ್ನಡಕ ಒರೆಸಿಕೊಂಡು, ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು.

"ಹ್ಯಾಂಗ ಬರೀತಾರ, ತೋರ್ಸು."

ಬಲಗಡೆಯಿಂದ ಶುರು ಮಾಡ್ರಿ ಎಂದೆ.