ಯಾಕಪ್ಪನ ಚೀಟಿ

ನಮ್ಮ ಪಶು ಆಸ್ಪತ್ರೆಯಲ್ಲಿ ನನ್ನ ಜೊತೆ ಡಾಕ್ಟರಾಗಿದ್ದ ಗೆಳೆಯನಿಗೆ ‘ಯಾಕಪ್ಪ’ ಎಂದೇ ಹೆಸರು. ಪ್ರಾಣಿ ಸತ್ತರೆ ಸಾಕು, ಅದರ ಚಿಕಿತ್ಸೆಯ ಚೀಟಿ ಹಿಡಿದು ‘ಯಾಕಪ್ಪಾ ಸತ್ತಿತು?’ ಎಂದು ಬರುತ್ತಿದ್ದ.

ಚೀಟಿಯ ಕೊನೆಯ ಕಾಲಂನಲ್ಲಿ ಕಾರಣ ಬರೆಯಬೇಕು. ನಾವು ಕೈ ತೊಳೆದುಕೊಂಡು ‘ಗ್ರಹಚಾರ’ ಎಂದು ಗೀಚುತ್ತಿದ್ದೆವು.

“ಗ್ರಹಚಾರಕ್ಕೆ ಎಷ್ಟು ಎಂ.ಎಲ್. ಕೊಡೋದು, ಹೇಳ್ರಪ್ಪಾ?” ಎಂದು ಒಂದು ದಿನ ವರ್ಷದ ಚೀಟಿಗಳನ್ನೆಲ್ಲ ಮೇಜಿಗೆ ಸುರಿದ. ಹೆರಿಗೆ ಕಷ್ಟವಾಗಿ ಬಂದ ಮೂವತ್ತೊಂದು ಹಸುಗಳಲ್ಲಿ ಒಂಬತ್ತು ಸತ್ತಿದ್ದವು. ಅಡ್ಡ ನಿಂತ ಕರುವನ್ನು ತಿರುಗಿಸದೆ ನಾಲ್ಕು ಜನ ಹಗ್ಗ ಹಾಕಿ ಜಗ್ಗಿದ್ದರು. ಗರ್ಭಕೋಶ ಹರಿದು ನೆಲವೆಲ್ಲ ರಕ್ತ. ಒಂಬತ್ತರಲ್ಲಿ ನಾಲ್ಕು ಯಾಕಪ್ಪನ ಕೈಯವೇ. ಅವನ್ನೇ ಮೊದಲು ಓದಿದ. ಐದನೆಯದು ಎಲ್ಲರಿಗಿಂತ ಹಿರಿಯ ಡಾಕ್ಟರದು.

“ನನಗೇ ಪಾಠ ಹೇಳ್ತೀಯೇನೋ?” ಅವರು ಸ್ಟೀಲಿನ ಟ್ರೇ ಬೀಸಿದರು. ಯಾಕಪ್ಪನ ಹುಬ್ಬು ಸೀಳಿತು. ಅವನು ಕರವಸ್ತ್ರ ಒತ್ತಿಕೊಂಡು ಆರನೆಯದನ್ನು ಓದಿದ.

ಅಂದಿನಿಂದ ತಿಂಗಳ ತರಬೇತಿಗೆ ಹೊರಗಿನ ಭಾಷಣಕಾರರಿಲ್ಲ. ಚೀಟಿ ತೋರಿಸಿದ ತಪ್ಪೇ ಪಾಠ. ಕಸಾಯಿಖಾನೆಯಿಂದ ತಂದ ಗರ್ಭಕೋಶದೊಳಗೆ ಸತ್ತ ಕರುವನ್ನಿಟ್ಟು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಿರುಗಿಸಿ ಕಲಿತೆವು. ಮರುವರ್ಷ ಸತ್ತದ್ದು ಎರಡು. ಟ್ರೇ ಬೀಸಿದವರ ಕೈಯೇ ಎಲ್ಲರಿಗಿಂತ ಪಳಗಿತು. ಪ್ರಾಣಿಗಳಿಂದ ಒದೆ, ಕಡಿತ ತಿಂದರೆ ನಮ್ಮ ಹೆಸರಿನಲ್ಲೂ ಅದೇ ಚೀಟಿ ಬರೆಸತೊಡಗಿದ ಯಾಕಪ್ಪ.

ಕಳೆದ ತಿಂಗಳು ತೊಡೆ ಸೀಳಿಕೊಂಡ ಕುದುರೆಯೊಂದು ಬಂತು. ರಕ್ತ ಚಿಮ್ಮುತ್ತಿತ್ತು. ಮತ್ತಿನ ಸೂಜಿ ಚುಚ್ಚಿದವನು ನಾನು. ಹತ್ತು ನಿಮಿಷ ಕಾಯಬೇಕು. ನಾಲ್ಕೇ ನಿಮಿಷಕ್ಕೆ ಅದು ತಲೆ ಇಳಿಬಿಟ್ಟಿತು.

“ಆಯ್ತಾ?” ಎಂದ ಯಾಕಪ್ಪ, ಗಾಯ ಹೊಲಿಯಲು ಸಜ್ಜಾಗಿ.

“ಆಯ್ತು, ನಡಿ ಮಾರಾಯಾ.”

ಅವನು ಬಗ್ಗಿದ. ಮೊದಲ ಒದೆಗೆ ಎದೆಗೂಡು ಮುರಿದ ಸದ್ದು ಕೇಳಿಸಿತು. ಎರಡನೆಯದು ದವಡೆಗೆ. ಗೋಡೆಗೆ ಅಪ್ಪಳಿಸಿ ಬಿದ್ದವನ ಬಾಯಲ್ಲಿ ನೊರೆರಕ್ತ. ಏನೋ ಕೇಳಲು ಬಾಯಿ ಆಡಿಸಿದ. ಆಂಬುಲೆನ್ಸ್ ಬರುವ ಮೊದಲೇ ಉಸಿರು ನಿಂತಿತು.

ಅವನ ಚೀಟಿ ವಾರವಿಡೀ ನನ್ನ ಡ್ರಾಯರಿನಲ್ಲಿ ಖಾಲಿ ಬಿದ್ದಿತ್ತು. ನಿಜ ಬರೆದರೆ ಅವನ ಮನೆಯ ಹೊಸಿಲು ಮತ್ತೆ ತುಳಿಯುವಂತಿರಲಿಲ್ಲ. ನನ್ನನ್ನು ಅಣ್ಣ ಎನ್ನುವ ಅವನ ಹೆಂಡತಿಯೇ ಬಂದಳು.

“ಎಲ್ಲರೂ ಗ್ರಹಚಾರ ಅಂತಿದಾರಣ್ಣಾ. ನೀವೂ ಹಾಗೇ ಬರೀತೀರಾ?”

ಚೀಟಿ ತೆಗೆದು ಅವಳೆದುರೇ ಬರೆದೆ: ‘ಹತ್ತು ನಿಮಿಷ ಕಾಯಲಿಲ್ಲ. ಆಯ್ತು ಎಂದವನು ನಾನು.’

ಓದಿದಳು. ಕೆನ್ನೆಗೆ ಬಾರಿಸಿದಳು. ಮತ್ತೊಮ್ಮೆ ಬಾರಿಸಿದಳು. ಆಮೇಲೆ ಮುಷ್ಟಿಯಲ್ಲಿ ಮುದುರಿದ್ದ ಚೀಟಿಯನ್ನು ಅಂಗೈಯಿಂದ ನೇರ ಮಾಡಿ ನನ್ನ ಮುಂದಿಟ್ಟಳು.

“ಓದಿ. ಎಲ್ಲರೆದುರಿಗೂ ಓದಿ.”

ಈ ಶನಿವಾರ ತರಬೇತಿ. ಕುದುರೆಗೆ ಪೂರ್ತಿ ಮತ್ತೇರಿದೆಯೆಂದು ತಿಳಿಯುವುದು ಹೇಗೆ ಎಂಬುದು ಪಾಠ. ಹೇಳಿಕೊಡುವವರು ಹಿರಿಯ ಡಾಕ್ಟರು. ಮೊದಲ ಚೀಟಿ ನನ್ನದು.