ಜಟ್ಟೆಪ್ಪನ ಹನ್ನೆರಡನೆಯ ಕುರ್ಚಿ

ಸೋಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಜಟ್ಟೆಪ್ಪನಷ್ಟು ತಲೆ ಬಾಗಿಸುವ ಮನುಷ್ಯ ಇನ್ನೊಬ್ಬನಿರಲಿಕ್ಕಿಲ್ಲ. ಟಾವೆಲ್ ನೇಯುವ ಕಾರಖಾನೆಯೊಂದರಲ್ಲಿ ಮಾಲು ಮಡಚಿ ಕಟ್ಟು ಕಟ್ಟುವ ಕೆಲಸಕ್ಕೆ ಮೀಸೆ ಮೂಡುವ ಮೊದಲೇ ಸೇರಿದವನು, ಈಗ ಮೀಸೆ ಬೆಳ್ಳಗಾದರೂ ಅದನ್ನೇ ಮಾಡುತ್ತಿದ್ದಾನೆ. ಮಾಲೀಕ ಬಂದರೆ ನಮಸ್ಕಾರ, ಮಾಲೀಕನ ಮಗ ಬಂದರೆ ನಮಸ್ಕಾರ, ಡ್ರೈವರ್ ಒಬ್ಬನೇ ಖಾಲಿ ಕಾರು ತಂದು ನಿಲ್ಲಿಸಿದರೆ ಆ ಕಾರಿಗೂ ಒಂದು ನಮಸ್ಕಾರ. ಹೊರಗೆ ಇಷ್ಟೆಲ್ಲ ಬಾಗಿ ಬಂದವನು ಮನೆಯ ಹೊಸ್ತಿಲು ದಾಟಿದ ಕೂಡಲೇ ಸೆಟೆದು ನಿಲ್ಲುತ್ತಿದ್ದ. ಹೊರಗೆ ಕಳಕೊಂಡ ಮರ್ಯಾದೆಯನ್ನು ಮನೆಯಲ್ಲಿ ವಸೂಲು ಮಾಡುವ ಗಂಡಸರು ಇರುತ್ತಾರಲ್ಲ, ಅವರ ಸಾಲಿನಲ್ಲಿ ಈತ ಮುಂದೆಯೇ ನಿಲ್ಲಬೇಕಾದವನು.

ಅವನ ಮನೆತನ ಅಜ್ಜನ ಕಾಲಕ್ಕೇ ಕ್ರೈಸ್ತರದಾಗಿತ್ತು. ಹೆಸರು ಮಾತ್ರ ಹಳೆಯವೇ ಉಳಿದವು, ಪದ್ಧತಿಗಳೂ ಬಹಳಷ್ಟು ಉಳಿದವು. ಚರ್ಚಿನಲ್ಲಿ ಅರ್ಧ ಪ್ರಾರ್ಥನೆ ಮರಾಠಿ, ಅರ್ಧ ಕನ್ನಡ, ಜಗಳ ಪೂರ್ತಿ ಕನ್ನಡ.

ಜಗಳದ ಮಾತು ಬಂತು ಅಂದಮೇಲೆ ಜಟ್ಟೆಪ್ಪನ ಮನೆಯ ಜಗಳವನ್ನೂ ಹೇಳಿಬಿಡಬೇಕು. ಹೋದ ವರ್ಷ ಮಗಳು ಸಪ್ನಾಳನ್ನು ಅಕ್ಕಲಕೋಟದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಶುಭಂಗೆ ಕೊಟ್ಟ. ಹುಡುಗನ ಕಡೆಯವರೂ ಕ್ರೈಸ್ತರೇ. ಆದರೆ ನಮ್ಮ ಕಡೆ ಯಾವ ಧರ್ಮದ ಮದುವೆಯಾದರೂ ಹೆಣ್ಣಿನ ತಂದೆ ಅಳಿಯನ ಕಾಲು ತೊಳೆಯಬೇಕೆಂಬುದು ಎಲ್ಲರ ಎದೆಯಲ್ಲೂ ಕೂತ ಮಾತು. ಆಗಿನ ಹಳೆಯ ಪಾಸ್ಟರರು ಇದೆಲ್ಲ ನಮ್ಮದಲ್ಲ, ಬೇಡ ಎಂದುಬಿಟ್ಟರು. ಜಟ್ಟೆಪ್ಪನಿಗೆ ಒಳಗೊಳಗೇ ಖುಷಿ. ಅಳಿಯನ ಕಾಲು ಒಣಗಿಯೇ ಉಳಿಯಿತು. ಅಕ್ಕಲಕೋಟದ ಗೆಳೆಯರು ಅದನ್ನು ಬಿಡುತ್ತಾರೆಯೇ? "ಏನಲೇ ಶುಭಂ, ನಿನ್ನ ಕಾಲಿಗಿ ಹನಿ ನೀರ ಸೈತ ಬಿದ್ದಿಲ್ಲಂತ" ಎಂದು ಅಂಗಡಿಗೆ ಬಂದು ಬಂದು ಕಾಡಿದರು. ಕ್ರಿಸ್ಮಸ್ಸಿಗೆಂದು ತವರಿಗೆ ಬಂದ ಸಪ್ನಾಳನ್ನು ಕರೆದೊಯ್ಯಲು ಶುಭಂ ಬರಲೇ ಇಲ್ಲ. ಫೋನು ಮಾಡಿದರೆ ಒಂದೇ ಮಾತು: "ಮಾಮಾ ಕಾಲ ತೊಳದ ಕರೀಲಿ, ಬರ್ತೀನಿ."

"ಕಾರಖಾನ್ಯಾಗ ಎಲ್ಲಾರ ಮುಂದ ಬಾಗ್ತೀನಿ. ಆ ಹುಡುಗನ ಮುಂದ ಬಾಗೂದಿಲ್ಲ," ಎಂದ ಜಟ್ಟೆಪ್ಪ.

ಹೆಂಡತಿ ರಖಮಾಬಾಯಿ ತಲೆ ಚಚ್ಚಿಕೊಂಡಳು. ಸಪ್ನಾ ಮಾತ್ರ ಅತ್ತು ಕರೆದು ಮಾಡಲಿಲ್ಲ. "ನೀನೂ ನಿನ್ನ ಅಳಿಯಾನೂ ಬರೇ ನಿಮ್ಮ ನಿಮ್ಮ ಮಾನದ ಮಾತ ಆಡಾಕತ್ತೀರಿ. ನನಗ ಏನ ಬೇಕಂತ ಒಬ್ರರೆ ಕೇಳೀರೇನು?" ಎಂದು ಒಮ್ಮೆ ಅಂದಳು. ಜಟ್ಟೆಪ್ಪ ಆಗಲೂ ಕೇಳಲಿಲ್ಲ. ಹೀಗೆ ಫೆಬ್ರುವರಿ ದಾಟಿತು, ಬಿಸಿಲು ಏರಿತು. ಓಣಿಯ ಹೆಂಗಸರು ಸಪ್ನಾಳನ್ನು ಕಂಡು "ಇನ್ನೂ ಇಲ್ಲೇ ಅದೀಯೇನವ್ವಾ?" ಎಂದು ಕೇಳತೊಡಗಿದರು. ಮಗಳ ಸಂಸಾರ ಒಂದು ತಂಬಿಗೆ ನೀರಿನ ಸಲುವಾಗಿ ಮುರಿದು ಬೀಳುತ್ತದೆಂಬ ಭಯ ಜಟ್ಟೆಪ್ಪನಿಗೂ ಹತ್ತಿತು. ಆದರೂ ಸೊಂಟ ಬಾಗಲೊಲ್ಲದು.

ಅಷ್ಟರಲ್ಲಿ ಚರ್ಚಿಗೆ ಹೊಸ ಪಾಸ್ಟರ್ ಧನರಾಜ ಬಂದರು. ಸಣ್ಣ ವಯಸ್ಸು, ಸಣ್ಣ ಮೈಕಟ್ಟು, ದೊಡ್ಡ ಹುರುಪು. ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರ ತಾನು ಹನ್ನೆರಡು ಜನರ ಕಾಲು ತೊಳೆಯುವುದಾಗಿ ಸಾರಿದರು. "ಜನ ಕತ್ತಿ ಹಿಡಿದ ಮೆಸ್ಸೀಯ ಅನ್ನೂ ರಕ್ಷಕನ ದಾರಿ ನೋಡಾಕತ್ತಿದ್ರು. ಬಂದಾಂವ ಯೇಸು, ನಡಕ್ಕ ಟಾವೆಲ್ ಕಟ್ಕೊಂಡು ತನ್ನ ಹನ್ನೆರಡು ಶಿಷ್ಯರ ಕಾಲ ತೊಳದ. ಎಲ್ಲಾರಿಗಿಂತ ದೊಡ್ಡಾಂವ ಎಲ್ಲಾರಿಗಿಂತ ಕೆಳಗ ಕುಂತ," ಎಂದು ಬಹಳ ಚೆನ್ನಾಗಿ ಹೇಳಿದರು. ಚರ್ಚಿನ ತುಂಬ ಟಾವೆಲ್ ಕಾರಖಾನೆಯ ಜನ. ಅವರು ಕತ್ತಿಯ ಮಾತು ಅಲ್ಲೇ ಬಿಟ್ಟರು, ಕೆಳಗೆ ಕೂರುವ ಮಾತಂತೂ ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಟಾವೆಲ್ ಒಂದನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಯಾಕೆಂದರೆ ಸೋಲಾಪುರದಲ್ಲಿ ಟಾವೆಲ್ ಅಂದರೆ ಮೈ ಒರೆಸುವ ಬಟ್ಟೆಯಷ್ಟೇ ಅಲ್ಲ. ಯಾರನ್ನು ಸತ್ಕಾರ ಮಾಡಬೇಕಾದರೂ ಹೆಗಲಿಗೆ ಟಾವೆಲ್, ತಲೆಗೆ ಟೋಪಿ, ಕೈಗೆ ತೆಂಗಿನಕಾಯಿ. ಟಾವೆಲ್ ಟೋಪಿ ಸಿಗದೆ ಊಟ ಬಿಟ್ಟು ಎದ್ದು ಹೋದ ಬೀಗರು ಎಷ್ಟು ಜನರಿಲ್ಲ! ಕಾಲನ್ನೂ ತೊಳೆಯುತ್ತಾರೆ, ಟಾವೆಲ್ ಕೂಡ ತರುತ್ತಾರೆ ಎಂದಮೇಲೆ ಇದು ಸತ್ಕಾರವಲ್ಲದೆ ಮತ್ತೇನು ಎಂದು ಚರ್ಚ್ ಕಮಿಟಿಯ ಅಧ್ಯಕ್ಷ ಶಿವಶರಣಪ್ಪ ತೀರ್ಮಾನಿಸಿದ. ಈತ ಕಾರಖಾನೆಗಳಿಗೆ ಕೂಲಿಯಾಳು ಒದಗಿಸುವ ಗುತ್ತಿಗೆದಾರ, ಭಾಷಣಕ್ಕೆ ನಿಂತರೆ ಮೈಕು ಬಿಡದವನು. ಪಾಸ್ಟರರು ಒಂದೇ ಟಾವೆಲ್ ಸಾಕು ಎಂದರು. "ಹನ್ನೆರಡು ಮಂದಿ ಮಾನ್ಯವರರಿಗಿ ಒಂದ ಟಾವೆಲ್ ಏನ್ರಿ ಸಾಹೇಬ್ರ? ಮಂದಿ ಮುಖದಾಗ ಉಗಳ್ತಾರ," ಎಂದು ಅವರನ್ನು ಸುಮ್ಮನಾಗಿಸಿದ.

ರಸ್ತೆಯ ಮೇಲೆ ದೊಡ್ಡ ಫ್ಲೆಕ್ಸ್ ಎದ್ದಿತು. 'ಪಾದಪ್ರಕ್ಷಾಳನ ಸಮಾರಂಭ' ಎಂಬ ದಪ್ಪ ಅಕ್ಷರ, ಕೆಳಗೆ ಗಣ್ಯರ ಫೋಟೋ, ಒಬ್ಬೊಬ್ಬರ ಕೆಳಗೂ ಒಬ್ಬೊಬ್ಬ ಶಿಷ್ಯನ ಹೆಸರು. ಶಿಷ್ಯರಲ್ಲಿ ಮೊದಲಿಗನಾದ ಪೇತ್ರನಾಗಲು ನಾಲ್ಕು ಜನ ಜಗಳಾಡಿದ್ದರು, ಗೆದ್ದವನು ಶಿವಶರಣಪ್ಪ. ಪ್ರಭುವಿನ ಚಿತ್ರಕ್ಕೆ ಮೂಲೆಯಲ್ಲಿ ಅಂಚೆಚೀಟಿಯಷ್ಟು ಜಾಗ ಸಿಕ್ಕಿತು. ಫೋಟೋ ಎಣಿಸಿದರೆ ಹನ್ನೊಂದೇ. ಹನ್ನೆರಡನೆಯವನು ಯೂದ, ಯೇಸುವನ್ನು ಹಿಡಿದುಕೊಟ್ಟವನು. ಆ ಕುರ್ಚಿಗೆ ಯಾರೂ ಒಪ್ಪಲಿಲ್ಲ. ಹಾಗಂತ ಖಾಲಿ ಬಿಡಲೂ ಆಗದು. ಫ್ಲೆಕ್ಸಿನ ತುದಿಯಲ್ಲಿ 'ಹಾಗೂ ಇತರ ಮಾನ್ಯವರರು' ಎಂದು ಬರೆಸಿ ಕೈತೊಳೆದುಕೊಂಡರು.

ಇಲ್ಲಿ ಜಟ್ಟೆಪ್ಪನ ತಲೆ ಓಡಿತು. ತಾನು ಬಾಗಬಾರದು, ಅಳಿಯನ ಕಾಲಿಗೆ ನೀರೂ ಬೀಳಬೇಕು, ಮಗಳೂ ಗಂಡನ ಮನೆ ಸೇರಬೇಕು. ಕಾರಖಾನೆಯಿಂದ ಟಾವೆಲ್ ನಾನು ತರುತ್ತೇನೆ, ಕಡೆಯ ಕುರ್ಚಿ ನನ್ನ ಅಳಿಯನಿಗೆ ಬಿಡಿ ಎಂದು ಶಿವಶರಣಪ್ಪನನ್ನು ಕೇಳಿದ. ಶಿವಶರಣಪ್ಪ ಬೇಡ ಅಂದಾನೆಯೇ? ಪೀಡೆ ಹೋಯಿತೆಂದು ಅಪ್ಪಿಕೊಂಡೇಬಿಟ್ಟ. ಜಟ್ಟೆಪ್ಪ ಆವತ್ತೇ ಅಕ್ಕಲಕೋಟಕ್ಕೆ ಫೋನು ಹಚ್ಚಿದ.

"ಅಳಿಯಂದ್ರ, ನಿಮ್ಮ ಕಾಲ ತೊಳಸ್ತೀನಿ ಬರ್ರಿ. ನಾ ಅಲ್ಲ, ಸ್ವತಃ ಪಾಸ್ಟರ್ ತೊಳೀತಾರ. ಊರೆಲ್ಲಾ ನೋಡ್ತೈತಿ."

"ಪಾಸ್ಟರಽ?" ಶುಭಂನ ದನಿ ಅರಳಿತು. ಮಾವನಿಗಿಂತ ಪಾಸ್ಟರ್ ದೊಡ್ಡವರು, ಗೆಳೆಯರಿಗೆ ಫೋಟೋ ತೋರಿಸಬಹುದು. "ಆತ್ರಿ ಮಾಮಾ, ಬರ್ತೀನಿ."

ಯಾರ ಕುರ್ಚಿ ಎಂದು ಆತ ಕೇಳಲಿಲ್ಲ, ಈತ ಹೇಳಲೂ ಇಲ್ಲ. ಸಪ್ನಾಳಿಗೂ ಏನೂ ಹೇಳಲಿಲ್ಲ. ಗಂಡ ಬರುತ್ತಾನೆಂಬುದು ಅವಳಿಗೆ ಅಮ್ಮನ ಬಾಯಿಂದ ಗೊತ್ತಾಯಿತು.

ಗುರುವಾರ ಸಂಜೆ ಚರ್ಚಿನ ಮುಂದೆ ಮದುವೆಯ ಮಂಗಲ ಕಾರ್ಯಾಲಯದಿಂದ ತಂದ ಕೆಂಪು ಕುರ್ಚಿಗಳು ಸಾಲಾಗಿ ನಿಂತವು. ನಮ್ಮಲ್ಲಿ ನಳಕ್ಕೆ ದಿನಾಲು ನೀರು ಬರುವುದಿಲ್ಲ, ಹಾಗಾಗಿ ಹಿಂದಿನ ಓಣಿಯಿಂದ ಕೊಡದಲ್ಲಿ ಹೊತ್ತು ಡ್ರಮ್ ತುಂಬಬೇಕಾಯಿತು. ಹೊತ್ತವಳು ಸಪ್ನಾ. ಅಂಗಳ ಗುಡಿಸಿದವಳೂ ಅವಳೇ. ಶುಭಂ ಹೊಸ ಬೂಟು ಹಾಕಿಕೊಂಡು ಬೈಕಿನಲ್ಲಿ ಬಂದಿಳಿದು ಹೆಂಡತಿಯ ಕಡೆ ಒಮ್ಮೆ ನೋಡಿದ. ಅವಳು ಕೊಡ ಇಳಿಸುತ್ತಿದ್ದಳು.

ಸಮಾರಂಭ ಸುರುವಾಯಿತು. ಹನ್ನೊಂದು ಜನರೂ ಮನೆಯಲ್ಲೇ ಕಾಲು ತಿಕ್ಕಿ ತೊಳೆದು, ಪೌಡರ್ ಹಚ್ಚಿ, ಹೊಸ ಸಾಕ್ಸ್ ಹಾಕಿಕೊಂಡು ಬಂದಿದ್ದರು. ತೊಳೆಸಿಕೊಳ್ಳುವ ಕಾಲು ಹೊಲಸಿದ್ದರೆ ಮರ್ಯಾದೆ ಏನಾದೀತು! ಪಾಸ್ಟರರು ನಡಕ್ಕೆ ಟಾವೆಲ್ ಸುತ್ತಿ, ಬೋಗುಣಿ ಹಿಡಿದು ಶಿವಶರಣಪ್ಪನ ಮುಂದೆ ಮೊಣಕಾಲೂರಿದರು. ಪೇತ್ರ ಮೊದಲು ಬೇಡವೆಂದು, ಆಮೇಲೆ ಒಪ್ಪಿದನಂತೆ. ಶಿವಶರಣಪ್ಪ ಆ ಪಾಠವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. "ಇಲ್ಲ! ನನ್ನ ಕಾಲ ನೀವು ಎಂದೆಂದಿಗೂ ತೊಳೀಬಾರ್ದು!" ಎಂದು ಮೈಕಿನಲ್ಲಿ ಗರ್ಜಿಸಿ ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡ. ಎಷ್ಟು ಚೆಂದ ಮಾಡಿದನೆಂದರೆ ಪಾಸ್ಟರರು ನಿಜವೆಂದು ತಿಳಿದು, ಅಂಜಿ, ಮುಂದಿನವನ ಹತ್ತಿರ ಸರಿದುಬಿಟ್ಟರು. "ಏ ಸಾಹೇಬ್ರ, ಹೊಳ್ಳಿ ಬರ್ರಿ! ಆಮ್ಯಾಲ ಒಪ್ಕೋತೀನಲ್ರಿ!" ಎಂಬುದೂ ಮೈಕಿನಲ್ಲೇ ಕೇಳಿತು.

ಮುಂದೆ ಒಬ್ಬೊಬ್ಬನೂ ಮದುಮಗನಾದ. ಒಬ್ಬ ನೀರು ತಣ್ಣಗಿದೆಯೆಂದು ಮುನಿಸಿಕೊಂಡ. ಇನ್ನೊಬ್ಬನಿಗೆ ತನ್ನ ಟಾವೆಲ್ ಪಕ್ಕದವನದಕ್ಕಿಂತ ಗಿಡ್ಡ ಕಂಡಿತು. ಮತ್ತೊಬ್ಬನ ಹೆಂಡತಿ ಬೋಗುಣಿಯ ನೀರನ್ನು ತೀರ್ಥವೆಂದು ಬಾಟಲಿಗೆ ತುಂಬಿಕೊಳ್ಳಲು ಬಂದಳು, ಪಾಸ್ಟರರು ಹೌಹಾರಿ ಬೋಗುಣಿ ಕಸಿದುಕೊಂಡರು. ಕೂತವರೆಲ್ಲ ಕುರ್ಚಿಯ ತುಂಬ ಉಬ್ಬುತ್ತ ಹೋದರು, ಪಾಪ, ಪಾಸ್ಟರರು ಕುಗ್ಗುತ್ತ ಹೋದರು. ಹನ್ನೊಂದನೆಯವನ ಹಿಮ್ಮಡಿ ಒರೆಸಿ ಏಳಲು ಹೋದಾಗ ಅವರ ಸೊಂಟ ಹಿಡಿದುಕೊಂಡಿತು. ಅಯ್ಯೋ ಎಂದು ಅಲ್ಲೇ ಅಂಗಾತ ಮಲಗಿದವರು ಆಕಾಶ ನೋಡತೊಡಗಿದರು.

ಬೂಟು ಬಿಚ್ಚಿ ಕಾಯುತ್ತಿದ್ದ ಶುಭಂ ಪಕ್ಕದವನನ್ನು ಕೇಳಿದ. "ಕಾಕಾ, ನೀವು ಯಾರು? ನಾ ಯಾರಾಗೀನಿ?"

"ನಾ ತೋಮ. ನೀ ಯೂದ," ಎಂದ ಆತ ಸಹಜವಾಗಿ.

ಶುಭಂ ಕುರ್ಚಿಯಿಂದ ಹಾರಿ ಎದ್ದ. "ಮಾಮಾ! ಕಾಲ ತೊಳಸ್ತೀನಂತ ಕರದು ಯೂದನ ಕುರ್ಚಿಗಿ ಕುಂದ್ರಿಸೀರಿ? ಊರ ಮುಂದ ನನ್ನ ಮಾನ ಕಳೀಬೇಕಂತ ಮಾಡೀರೇನು?"

"ಕುರ್ಚಿ ಎಲ್ಲಾ ಒಂದಽ ಅದಾವ ತಗೋರಿ," ಎಂದ ಜಟ್ಟೆಪ್ಪ. ತೊದಲಿದ. ಇಷ್ಟು ದಿನ ಹೆಣೆದದ್ದೆಲ್ಲ ಹೋಗಿತ್ತು. ಇನ್ನು ಈ ಹುಡುಗ ಹೋದರೆ ತಿರುಗಿ ಬರುವವನಲ್ಲ.

ನೆಲದ ಮೇಲಿಂದ ಪಾಸ್ಟರರ ದನಿ ಬಂತು. "ಪ್ರಭು ಅವನ ಕಾಲೂ ತೊಳದಾನ. ಹಿಡದು ಕೊಡ್ತಾನಂತ ಗೊತ್ತಿದ್ದೂ ತೊಳದಾನ." ಆದರೆ ಮಲಗಿದವರ ಮಾತನ್ನು ಯಾರು ಕೇಳುತ್ತಾರೆ? ಶುಭಂ ಬೂಟನ್ನು ಕೈಯಲ್ಲಿ ಹಿಡಿದು ಗೇಟಿನ ಕಡೆ ನಡೆದ.

ಆಗ ಹೆಂಗಸರ ಕಡೆಯಿಂದ ಸಪ್ನಾ ಎದ್ದು ಬಂದು ಆ ಕುರ್ಚಿಯಲ್ಲಿ ಕೂತಳು.

"ಏ ತಂಗೀ, ಶಿಷ್ಯರೊಳಗ ಹೆಣ್ಮಕ್ಕಳು ಇರಲಿಲ್ಲ, ಏಳು," ಎಂದ ಶಿವಶರಣಪ್ಪ.

"ನೀವ ಇತರ ಮಾನ್ಯವರರು ಅಂತ ಬರಸೀರಲ್ರಿ. ನಾನೂ ಇತರರೊಳಗಽ ಬರ್ತೀನಿ," ಎಂದಳು. ದನಿ ಏರಿಸಲಿಲ್ಲ. "ಯಾರಿಗೂ ಬ್ಯಾಡಾದ ಕುರ್ಚಿ ಐತಿ, ನಾ ಕುಂತೀನಿ. ತೊಳಿಯವರು ಇದ್ರ ತೊಳೀರಿ, ಇಲ್ಲಾಂದ್ರ ನೀರ ಹೊತ್ತಾಕಿ ನಾನ, ನಾನ ತೊಳಕೋತೀನಿ."

ಜಟ್ಟೆಪ್ಪ ಮಗಳ ಕಾಲು ನೋಡಿದ. ಆ ಸಾಲಿನಲ್ಲಿ ನಿಜವಾಗಿ ಹೊಲಸಾಗಿದ್ದ ಕಾಲು ಅವೆರಡೇ. ಕೊಡದ ನೀರು ಚೆಲ್ಲಿ, ಅಂಗಳದ ಧೂಳು ಮೆತ್ತಿ ಕೆಸರಾಗಿದ್ದವು, ಹಿಮ್ಮಡಿ ಒಡೆದಿತ್ತು. ಈ ಕಾಲನ್ನು ಅವನು ಕಡೆಯ ಸಲ ಮುಟ್ಟಿದ್ದು ಅವಳು ಅಂಬೆಗಾಲಿಡುತ್ತಿದ್ದಾಗ. ಅಳಿಯನ ಕಾಲಿನ ಚಿಂತೆಯಲ್ಲಿ ಇಷ್ಟು ತಿಂಗಳು ಕಳೆದವನಿಗೆ ಮಗಳ ಕಾಲು ಕಾಣಿಸಿರಲೇ ಇಲ್ಲ. ಅವನಿಗೆ ಬಹಳ ನಾಚಿಕೆಯಾಯಿತು, ಅಳುವೂ ಬಂತು. ಮಲಗಿದ್ದ ಪಾಸ್ಟರರ ನಡದಿಂದ ಟಾವೆಲ್ ಬಿಡಿಸಿಕೊಂಡು ತನ್ನ ನಡಕ್ಕೆ ಕಟ್ಟಿದ. ಯಾರೂ ಹೇಳಿರಲಿಲ್ಲ, ಯಾವ ಮಾಲೀಕನೂ ಎದುರಿಗಿರಲಿಲ್ಲ. ಮೊಣಕಾಲೂರಿ ಕೂತು ಮಗಳ ಬಲಗಾಲನ್ನು ಬೋಗುಣಿಯಲ್ಲಿಟ್ಟು ಬೆರಳ ಸಂದಿಯ ಕೆಸರು ತೊಳೆಯತೊಡಗಿದ. ರಖಮಾಬಾಯಿ ಸೆರಗು ಬಾಯಿಗೊತ್ತಿಕೊಂಡಳು.

ಗೇಟಿನ ಹತ್ತಿರ ಶುಭಂ ನಿಂತುಬಿಟ್ಟಿದ್ದ. ತಾನು ಇಷ್ಟು ದಿನ ಹಟ ಹಿಡಿದು ಕೇಳಿದ್ದು ಕಣ್ಣ ಮುಂದೆಯೇ ನಡೆಯುತ್ತಿತ್ತು, ಆದರೆ ತನಗಲ್ಲ. ಮಾವ ಮಣಿದರೆ ಸಣ್ಣವನಾಗಿ ಕಾಣುತ್ತಾನೆ, ಅದನ್ನು ನೋಡಿ ತಾನು ದೊಡ್ಡವನಾಗಬಹುದು ಎಂದು ಅವನು ಎಣಿಸಿದ್ದ. ಮಾವ ಸಣ್ಣವನಾಗಿ ಕಾಣಲಿಲ್ಲ. ಕುರ್ಚಿಯ ಮೇಲೆ ಉಬ್ಬಿ ಕೂತ ಹನ್ನೊಂದು ಜನರತ್ತ ಈಗ ಯಾರೂ ನೋಡುತ್ತಿರಲಿಲ್ಲ. ಶುಭಂ ಬೂಟನ್ನು ಅಲ್ಲೇ ಬಿಟ್ಟು ಬಂದು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಚೆಲ್ಲಿದ ನೀರಿನಲ್ಲಿ ಮೊಣಕಾಲೂರಿದ.

"ಮಾಮಾ, ಒಂದು ಕಾಲ ನನಗ ಬಿಡ್ರಿ."

ಅದು ಜಟ್ಟೆಪ್ಪ ಬಿಟ್ಟುಕೊಡುವಂಥದ್ದಾಗಿರಲಿಲ್ಲ. ಸಪ್ನಾ ಎಡಗಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡಿದ್ದಳು.

"ಇದನ್ನ ಯಾರರೆ ಹೇಳಿ ಮಾಡಿಸಾಕತ್ತಾರೇನು?" ಎಂದು ಗಂಡನನ್ನು ಕೇಳಿದಳು.

"ಯಾರೂ ಹೇಳಿಲ್ಲ."

"ನಾಳಿಗಿ ಗೆಳ್ಯಾರು ನಗ್ತಾರ."

"ನಗಲಿ."

ಅವಳು ಕೂಡಲೇ ಕಾಲು ಕೊಡಲಿಲ್ಲ. ಶುಭಂ ನೀರಿನಲ್ಲಿ ಕಾಯುತ್ತ ಕೂತ. "ಕೊಡವ್ವಾ, ಟೈಮ್ ಆತು, ಇನ್ನ ಭಾಷಣ ಅದಾವ," ಎಂದು ಶಿವಶರಣಪ್ಪ ಪಿಸುಗುಟ್ಟಿದ. ಸಪ್ನಾ ಗಂಡನ ಬಾಗಿದ ತಲೆಯನ್ನು ಬಹಳ ಹೊತ್ತು ನೋಡಿದಳು.

"ಅಪ್ಪಾ," ಎಂದಳು ಕಡೆಗೆ, "ಚೂರು ಸರೀ. ಅವರಿಗಿ ಜಾಗಾ ಮಾಡಿಕೊಡು."

ಜಟ್ಟೆಪ್ಪ ಮೊಣಕಾಲ ಮೇಲೇ ಪಕ್ಕಕ್ಕೆ ಸರಿದ.